ಮೂಕ ಮಿಡತೆಯ ಗುಡ್ಡದ ಮೇಲೆ

ಗಡಹಿಂಗ್ಲಜ, ಹೊರಡುವ ಮೊದಲು

ಮೂವತ್ತೊಂದು ವರ್ಷ ಇಚಲಕರಂಜಿಯ ವಿದ್ಯುತ್ ಮಗ್ಗಗಳ ನಡುವೆ ಕಳೆದ ನನ್ನಂಥವನನ್ನು ಆಲ್ಪ್ಸ್ ಪರ್ವತಕ್ಕೆ ಮಿಡತೆ ಎಣಿಸಲು ಕಳಿಸಿದ್ದು ಸರಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಗಡಹಿಂಗ್ಲಜದಲ್ಲಿರುವ ನನ್ನ ಅಕ್ಕ. ಅವಳ ಮಗಳು ಮಹಾನಂದಾ, ನಮ್ಮೆಲ್ಲರ ಬಾಯಲ್ಲಿ ನಂದಾ, ಆಸ್ಟ್ರಿಯಾದಲ್ಲಿ ಮಿಡತೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಕಂಡ ಕಂಡ ಮಿಡತೆಯೂ ಅಲ್ಲ. ಗುಡ್ಡ ಹತ್ತುತ್ತ ಹೋದರೆ ಎಲ್ಲೋ ಒಂದು ಕಡೆ ಮರಗಳು ಮುಗಿಯುತ್ತವಲ್ಲ, ಆ ಅಂಚಿನಲ್ಲಿ ಮಾತ್ರ ಬದುಕುವ ಒಂದು ಹಸಿರು ಮಿಡತೆ. ಅದಕ್ಕೆ ಹಾರಲು ರೆಕ್ಕೆಯಿಲ್ಲ, ಕೂಗಲು ದನಿಯಿಲ್ಲ. ಇಂಥ ಪ್ರಾಣಿಯ ಹಿಂದೆ ಹುಡುಗಿ ಮೂರು ವರ್ಷ ಅಲೆದಿದ್ದಳು. ಕೊನೆಯ ಹಂಗಾಮಿಗೆ ಜೊತೆಗಾರ್ತಿ ಬರಲಾಗುವುದಿಲ್ಲ ಎಂದಳಂತೆ. ಆ ಗುಡ್ಡಕ್ಕೆ ಒಬ್ಬರೇ ಹೋಗಬಾರದೆಂದು ಅವರ ನಿಯಮ.

ಅಕ್ಕ ನನ್ನನ್ನು ಕರೆಸಿಕೊಂಡಳು. ಹೊಲದ ಬದುವಿನ ಮೇಲೆ ಚಹಾ ಕೊಟ್ಟು, "ನೀ ಹೋಗಿ ಬಾ" ಎಂದಳು. ಶೆಡ್ಡು ಬಿಟ್ಟು ಹೇಗೆ ಬರಲಿ ಎಂದರೆ, "ನಿನ್ನ ಮಗ್ಗ ಎಲ್ಲಿ ಓಡಿ ಹೋಗ್ತಾವ?" ಎಂದು ಮಾತು ಮುಗಿಸಿದಳು. ನಾನು ಜಾಬರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಮಿಡತೆಯ ವಿಷಯ ನನಗೇನು ಗೊತ್ತು ಎಂದು ಸಿಟ್ಟಿನಿಂದಲೇ ಕೇಳಿದೆ. ಮಿಡತೆ ಅಂದ ಮೇಲೆ ಇನ್ನೊಂದು ಸಿಟ್ಟು ನೆನಪಾಯಿತು. ನಾನು ಚಿಕ್ಕವನಿದ್ದಾಗ ಇದೇ ಬದುವಿನ ಮೇಲೆ ಮಿಡತೆಗಳ ಗದ್ದಲದಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಈಗ ಕಬ್ಬಿಗೂ ಸೋಯಾಬೀನಿಗೂ ಔಷಧ ಹೊಡೆದು ಹೊಡೆದು ಒಂದು ಹುಳವನ್ನೂ ಉಳಿಸಿಲ್ಲ, ಹೊಲಕ್ಕೆ ಬಂದರೆ ಸುಡುಗಾಡಿಗೆ ಬಂದ ಹಾಗೆ ಅನಿಸುತ್ತದೆ ಎಂದು ಭಾವನಿಗೆ ಅರ್ಧ ತಾಸು ಪಾಠ ಹೇಳಿದೆ. ಭಾವ ಅಕ್ಕನ ಮುಖ ನೋಡಿ ಸುಮ್ಮನೆ ಕೂತರು. ಔಷಧ ಹೊಡೆಯುವವರು ಅವರೇ ಆದ್ದರಿಂದ ನಾಚಿಕೆಯಾಗಿರಬೇಕು ಎಂದುಕೊಂಡೆ.

ನಂದಾಳ ಹತ್ತಿರ ಬರಿಗೈಯಲ್ಲಿ ಹೋಗುವುದೇ? ನನ್ನ ಹೆಂಡತಿ ಕಸ್ತೂರಿಯನ್ನು ಕರೆದುಕೊಂಡು ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಗೆ ಹೋದೆ, ಬೆಳ್ಳಿಯ ಕಾಲ್ಗೆಜ್ಜೆ ಆರಿಸಿದೆ. ಅಲುಗಾಡಿಸಿ ನೋಡಿದರೆ ಸದ್ದೇ ಇಲ್ಲ. ಕುಶಲಕರ್ಮಿಗೆ ಹೇಳಿದೆ. ಅವನೂ ಅಲುಗಾಡಿಸಿದ, ನನ್ನನ್ನು ಬಿಟ್ಟು ಕಸ್ತೂರಿಯ ಮುಖ ನೋಡಿದ. ಅವಳು ನನ್ನ ಮುಂದೆ ಬಂದು ನಿಂತು, "ಇರ್ಲಿ ಬಿಡ್ರಿ, ಛಲೋ ಅದಾವ" ಎಂದಳು. ಹುಪರಿಯ ಕೆಲಸವೂ ಮೊದಲಿನಂತೆ ಉಳಿದಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ರೈಲಿನಲ್ಲಿ

ಆಸ್ಟ್ರಿಯಾದ ಜನ ಮಾತನಾಡುವುದಿಲ್ಲ, ಪಿಸುಗುಡುತ್ತಾರೆ. ವಿಯೆನ್ನಾದಿಂದ ಗುಡ್ಡದ ಕಡೆಗೆ ಹೋಗುವ ರೈಲಿನಲ್ಲಿ ಎಪ್ಪತ್ತು ಜನ ಇದ್ದರು, ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದರು. ನಮ್ಮ ಮಿರಜ್ ಪ್ಯಾಸೆಂಜರಿನಲ್ಲಿ ಇಷ್ಟು ಹೊತ್ತಿಗೆ ಎರಡು ಮದುವೆ ಗೊತ್ತಾಗಿ ಒಂದು ಜಗಳವೂ ಮುಗಿದಿರುತ್ತಿತ್ತು. ನಾನು ಕಸ್ತೂರಿಗೆ ಫೋನ್ ಮಾಡಿ, ಬಂದು ಮುಟ್ಟಿದೆ ಎಂದು ಎರಡು ಮಾತು ಹೇಳಿದ್ದಕ್ಕೆ ಇಡೀ ಡಬ್ಬಿ ತಿರುಗಿ ನೋಡಿತು. ಎದುರಿಗಿದ್ದ ಮುದುಕ ತುಟಿಯ ಮೇಲೆ ಬೆರಳಿಟ್ಟ. ಬೆರಳಿಟ್ಟದ್ದಾದರೂ ಯಾರಿಗೆ, ಅವನಪ್ಪನ ವಯಸ್ಸಿನವನಿಗಲ್ಲದಿದ್ದರೂ ಅವನ ತಮ್ಮನ ವಯಸ್ಸಿನವನಿಗೆ.

ಆಮೇಲೆ ಟಿಕೆಟ್ ನೋಡುವವನು ಬಂದ. ಟಿಕೆಟ್ ನೋಡಿ, ಮುಂದಿನ ಡಬ್ಬಿಗಳ ಕಡೆ ಕೈ ಮಾಡಿ, ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದ. ನಾನು ಗೋಣು ಹಾಕಿದೆ.

ಈ ಗೋಣಿನ ವಿಷಯ ಓದುಗರಿಗೆ ಹೇಳಬೇಕು. ನಮ್ಮ ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಮಗ್ಗ ಒಟ್ಟಿಗೆ ಬಡಿಯುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ತುಟಿ ನೋಡಿ, ಬೆರಳು ನೋಡಿ ತಿಳಿದುಕೊಳ್ಳುತ್ತೇವೆ. ತಿಳಿಯದಿದ್ದರೆ ಗೋಣು ಹಾಕಿ ಕೆಲಸ ಮುಂದುವರಿಸುತ್ತೇವೆ. ನಿಜವಾಗಿ ಮುಖ್ಯ ವಿಷಯವಾಗಿದ್ದರೆ ಅವನೇ ಮತ್ತೆ ಬಂದು ಅಂಗಿ ಹಿಡಿದು ಎಳೆಯುತ್ತಾನೆ. ಇದರಲ್ಲಿ ಮೋಸವಿಲ್ಲ, ಮಗ್ಗದವರೆಲ್ಲರ ಪದ್ಧತಿ ಇದು. ಆಸ್ಟ್ರಿಯಾದಲ್ಲಿ ಮಾತ್ರ ಯಾರೂ ಅಂಗಿ ಹಿಡಿದು ಎಳೆಯುವುದಿಲ್ಲ. ಒಂದು ನಿಲ್ದಾಣದಲ್ಲಿ ರೈಲು ಎರಡಾಗಿ ಒಡೆಯಿತು. ಮುಂದಿನ ಡಬ್ಬಿಗಳು ನಂದಾ ಕಾಯುತ್ತಿದ್ದ ಊರಿಗೆ ಹೋದವು. ನನ್ನ ಡಬ್ಬಿ ನನ್ನನ್ನೂ, ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನೂ ಹೊತ್ತುಕೊಂಡು ಬೇರೊಂದು ಕಣಿವೆಗೆ ಹೋಯಿತು.

ಮೂರು ತಾಸಿನ ಮೇಲೆ ಸರಿಯಾದ ಊರು ಮುಟ್ಟಿದೆ. ನಂದಾ ನಿಲ್ದಾಣದ ಬೆಂಚಿನ ಮೇಲೆ ಕೂತು ಕೂತು ಸೋತಿದ್ದಳು. ಹೇಳದೆ ಕೇಳದೆ ರೈಲು ಕತ್ತರಿಸುವ ದೇಶದ ಬಗ್ಗೆ ನನಗೆ ತೋಚಿದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ನಕ್ಕು ಗಂಟು ತೆಗೆದುಕೊಂಡಳು.

ಗುಡ್ಡದ ಮನೆ

ನಾವು ಉಳಿದದ್ದು ಮರಗಳು ಮುಗಿಯುವ ಜಾಗಕ್ಕೆ ಸ್ವಲ್ಪ ಕೆಳಗೆ, ಗುಡ್ಡ ಹತ್ತುವವರಿಗಾಗಿ ಕಟ್ಟಿದ ಮರದ ಮನೆಯಲ್ಲಿ. ನಡೆಸುವವಳು ರೋಸಾ ಎಂಬ ಅರವತ್ತು ದಾಟಿದ ಹೆಂಗಸು. ನಿಯಮಗಳನ್ನು ತಾಯಿಯ ಹಾಲಿನ ಜೊತೆಗೇ ಕುಡಿದವಳು. ಬೂಟು ಹೊರಗೆ ಬಿಡಬೇಕು, ಒಳಗೆ ಅವಳು ಕೊಟ್ಟ ಉಣ್ಣೆಯ ಚಪ್ಪಲಿಯನ್ನೇ ಹಾಕಬೇಕು. ನನ್ನದು ಕೊಲ್ಹಾಪುರದ ಚರ್ಮದ ಚಪ್ಪಲಿ, ಹೊಸದು. ಹಾಕಿಕೊಂಡು ಊಟದ ಕೋಣೆಯಲ್ಲಿ ನಾಲ್ಕು ಹೆಜ್ಜೆ ಇಟ್ಟದ್ದೇ ತಡ, ಎಲ್ಲರೂ ಚಮಚ ಕೆಳಗಿಟ್ಟರು. ಕರಕರ ಸದ್ದು ಬಹಳವಾಯಿತಂತೆ. ನನಗಂತೂ ಅಂಥದ್ದೇನೂ ಅನಿಸಲಿಲ್ಲ. ರೋಸಾ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆ ಒಯ್ದು ಇಟ್ಟಳು.

ಊಟವೆಂದರೆ ಬ್ರೆಡ್ಡು, ಚೀಸು, ಸಾರಿನಲ್ಲಿ ತೇಲುವ ಹಿಟ್ಟಿನ ಉಂಡೆ. ಉಂಡೆಯೊಳಗೆ ಹಂದಿಯ ಮಾಂಸ. ನಾವು ಲಿಂಗವಂತರು, ತಿನ್ನುವುದಿಲ್ಲ ಎಂದು ನಂದಾ ಮೂರು ಸಲ ಹೇಳಿದ ಮೇಲೆ ರೋಸಾ ಆ ತುಂಡುಗಳನ್ನು ಚಾಕುವಿನಿಂದ ಹೆಕ್ಕಿ ತೆಗೆದು ಅದೇ ಉಂಡೆಯನ್ನು ಮತ್ತೆ ತಂದಿಟ್ಟಳು, ಈಗಂತೂ ಸರಿಹೋಯಿತಲ್ಲ ಎಂಬ ಮುಖದಲ್ಲಿ. ನಾನು ಅಕ್ಕನ, ತಿಂಗಳಾದರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಮನೆಯಿಂದ ತಂದದ್ದನ್ನು ಒಳಗೆ ತಿನ್ನಬಾರದು ಎಂಬುದು ಇನ್ನೊಂದು ನಿಯಮ. ಹಾಗಾಗಿ ಹನ್ನೊಂದು ದಿನ ಹೊರಗಿನ ಬೆಂಚಿನ ಮೇಲೆ, ನಮ್ಮ ಘಟ್ಟದಂಚಿನ ಚಂದಗಡದ ಮಳೆಗಾಲದಂಥ ಗಾಳಿಯಲ್ಲಿ ಕೂತು ರೊಟ್ಟಿ ತಿಂದೆ. ಎರಡನೆಯ ದಿನ ರೋಸಾ ಹೊರಗೆ ಬಂದು ಕೈ ಚಾಚಿದಳು. ಅರ್ಧ ರೊಟ್ಟಿ, ಮೇಲೆ ಚಟ್ನಿ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದಳು. ಆಮೇಲೆ ದಿನಾ ಆ ಹೊತ್ತಿಗೆ ಬರುತ್ತಿದ್ದಳು, ಆದರೆ ನಿಯಮ ಸಡಿಲಿಸಲಿಲ್ಲ.

ಮೊದಲ ದಿನಗಳು

ಕೆಲಸ ಹೀಗಿತ್ತು. ಮರಗಳು ಕುಳ್ಳಗಾಗಿ ಪೊದೆಗಳಾಗುವ ಕಡೆಯಿಂದ ಮೇಲೆ ಬರೀ ಬಂಡೆ ಬರುವವರೆಗೆ ನಂದಾ ಎರಡು ಸಾಲು ಗೂಟ ಹೊಡೆದಿದ್ದಳು. ತೊರೆಯ ಆಚೆ ಅವಳ ಸಾಲು, ಈಚೆ ನನ್ನದು. ಒಂದೊಂದು ಗೂಟದ ಹತ್ತಿರ ಪೊದೆ ಹುಡುಕಿ ಹಸಿರು ಮಿಡತೆ ಎಷ್ಟಿವೆ ಎಂದು ಬರೆಯಬೇಕು. ಅದು ಬೆರಳಿನ ಗಾತ್ರವೂ ಇಲ್ಲದ ಪ್ರಾಣಿ, ಪಕ್ಕದಲ್ಲಿ ಕಪ್ಪು ಪಟ್ಟೆ, ತೊಡೆಯ ಒಳಗೆ ಕೆಂಪು. ಹಿಡಿದರೆ ಅಂಗೈಯಲ್ಲಿ ಗಂಭೀರವಾಗಿ ಕೂತು ನೋಡುತ್ತದೆ. ಆ ಗುಡ್ಡದಲ್ಲಿ ನನ್ನ ಮೇಲೆ ಸಿಡುಕದ ಪ್ರಾಣಿ ಅದೊಂದೇ.

ಇನ್ನೊಂದು ಕೆಲಸ ಕಿವಿಯದು. ಕೆಳಗಿನ ಹುಲ್ಲುಗಾವಲಿನಲ್ಲಿ ಕಂದು ಬಣ್ಣದ, ಹಾಡುವ ಮಿಡತೆ ಇದೆ. ಬೇಸಿಗೆ ಬೆಚ್ಚಗಾದಂತೆ ಅದು ವರ್ಷ ವರ್ಷ ಮೇಲೆ ಏರುತ್ತಿದೆಯೋ ಏನೋ ಎಂಬುದು ನಂದಾಳ ಪ್ರಶ್ನೆ. ಏರಿ ಬಂದರೆ ಮೂಕ ಮಿಡತೆಗೆ ಹೋಗಲು ಜಾಗವಿಲ್ಲ, ಮೇಲೆ ಬಂಡೆ. ಹಾಡುವುದು ಹುಲ್ಲಿನ ಆಳದಲ್ಲಿ ಅಡಗಿರುವುದರಿಂದ ಅದನ್ನು ಕಿವಿಯಿಂದಲೇ ಎಣಿಸಬೇಕು. ಬಿಸಿಲಿನಲ್ಲಿ ಒಂದೊಂದು ಗೂಟದ ಹತ್ತಿರ ಎರಡು ನಿಮಿಷ ನಿಂತು, ಹಾಡುವ ಗಂಡು ಎಷ್ಟು ಎಂದು ಬರೆಯಬೇಕು. ಮೂರು ವರ್ಷದ ಕೆಲಸಕ್ಕೆ ಉತ್ತರ ಸಿಗುವುದು ಈ ಹಂಗಾಮಿನಲ್ಲಿ. ಹಿಮ ಬಿದ್ದರೆ ಮುಗಿಯಿತು.

ಕಿವಿಯ ಕೆಲಸ ಎಂದಾಗ ನನಗೆ ಮೊದಲ ಸಲ ಆ ದೇಶದಲ್ಲಿ ಮರ್ಯಾದೆ ಸಿಕ್ಕ ಹಾಗಾಯಿತು. ಬಾಗಿಲ ಹೊರಗೆ ನಿಂತು, ಇಪ್ಪತ್ತನಾಲ್ಕು ಮಗ್ಗದಲ್ಲಿ ಯಾವುದರ ಲಾಳಿ ತಪ್ಪಿ ಬಡಿಯುತ್ತಿದೆ ಎಂದು ಹೇಳುವವನು ನಾನು. ಕೆಳಗಿನ ಹುಲ್ಲುಗಾವಲಿನಲ್ಲಿ ನಂದಾ ಕೈ ಮಾಡಿ ತೋರಿಸಿ, ಕೇಳಿಸಿತಲ್ಲ ಎಂದು ಕೇಳಿದಳು. ನಾನಾಗ ಕಾಲನ್ನು ಕಚ್ಚುವ ಬೂಟಿನ ದಾರ ಬಿಚ್ಚುತ್ತ ಅದನ್ನು ಮಾಡಿದವನನ್ನು ಬಯ್ಯುತ್ತಿದ್ದೆ. ಗೋಣು ಹಾಕಿದೆ. ಮಿಡತೆಯ ಸದ್ದು ಹೇಗಿರುತ್ತದೆಂದು ನನಗೆ ಯಾರು ಹೇಳಿಕೊಡಬೇಕು, ಅದರಲ್ಲೇ ಬೆಳೆದವನು.

ಮೂರು ದಿನ ಒಳ್ಳೆಯ ಬಿಸಿಲಿತ್ತು. ನನ್ನ ಸಾಲಿನಲ್ಲಿ ಒಂದೇ ಒಂದು ಸದ್ದಿಲ್ಲ. ತೊರೆಯ ಸದ್ದು, ಆಕಳುಗಳ ಕೊರಳಿನ ದೊಡ್ಡ ಗಂಟೆ, ಎದುರು ಸಿಕ್ಕ ಕೂಡಲೇ ನಮಸ್ಕಾರ ಹೇಳುವ ಅಪರಿಚಿತರು, ಅಷ್ಟೇ. ಊರಿನಲ್ಲಿ ಮುಖ ತಿರುಗಿಸಿಕೊಂಡು ಹೋಗುವ ಈ ಜನ ಗುಡ್ಡ ಹತ್ತಿದ ಕೂಡಲೇ ಬೀಗರ ಹಾಗೆ ನಗುತ್ತಾರೆ, ಅದಕ್ಕೂ ಎರಡು ನಿಮಿಷದ ನನ್ನ ಲೆಕ್ಕ ತಪ್ಪುತ್ತಿತ್ತು. ಹುಲ್ಲಿನಿಂದ ಕಂದು ಮಿಡತೆ ನಾಲ್ಕಾರು ಜಿಗಿದವು. ನನಗೆ ಹೇಳಿದ್ದು ಕಣ್ಣಿನಿಂದ ಹಸಿರು ಎಣಿಸಲು, ಕಿವಿಯಿಂದ ಹಾಡು ಎಣಿಸಲು. ಹಾಗೇ ಮಾಡಿದೆ. ಎಲ್ಲ ಗೂಟಕ್ಕೂ ಸೊನ್ನೆ.

ಮೂರನೆಯ ಸಂಜೆ ನಂದಾಗೆ ಹೇಳಿದಾಗ ಅವಳ ಕಣ್ಣು ಸಂತೋಷಕ್ಕೆ ತುಂಬಿ ಬಂದವು. ಅವಳ ಸಾಲಿನಲ್ಲಿ ಹಾಡುವುದು ಅರ್ಧಕ್ಕೂ ಮೇಲೆ ಏರಿ ಬಂದಿತ್ತಂತೆ. ಈ ಕಡೆಯಾದರೂ ಮೂಕ ಮಿಡತೆಗೆ ಜಾಗ ಉಳಿದಿದೆ ಎಂದು ತನ್ನ ಪ್ರೊಫೆಸರಿಗೆ ಪತ್ರ ಬರೆದಳು. ನಾನೂ ಹೆಮ್ಮೆಯಿಂದ ಕಸ್ತೂರಿಗೆ ಫೋನ್ ಮಾಡಿದೆ. ರೋಸಾ ಒಳಗಿನಿಂದ ಬಂದು ತುಟಿಯ ಮೇಲೆ ಬೆರಳಿಟ್ಟಳು.

ನಾಲ್ಕನೆಯ ದಿನ

ಮಧ್ಯಾಹ್ನ ನಂದಾ ತನ್ನ ಸಾಲಿನ ಆ ದಿನದ ಎಣಿಕೆ ಮುಗಿಸಿ, ಥರ್ಮಾಸಿನಲ್ಲಿ ಚಹಾ ತೆಗೆದುಕೊಂಡು ತೊರೆ ದಾಟಿ ನನ್ನ ಕಡೆಗೆ ಬಂದಳು. ನಾನು ಹನ್ನೆರಡನೆಯ ಗೂಟದ ಹತ್ತಿರ ಪೆನ್ಸಿಲ್ ಹಿಡಿದು ನಿಂತಿದ್ದೆ. ಬರುತ್ತ ಬರುತ್ತ ಅವಳ ಹೆಜ್ಜೆ ನಿಂತಿತು.

"ಮಾಮಾ, ಇಲ್ಲೆ ಏನ ಬರದೀರಿ?"

"ಸೊನ್ನಿ," ಎಂದೆ.

ಅವಳು ಹುಲ್ಲು ನೋಡಿದಳು, ನನ್ನನ್ನು ನೋಡಿದಳು. "ಕೇಳಸವಲ್ದೇನ್ರಿ? ಕಿವಿ ತುಂಬ ಒದರಾಕತ್ತಾವಲ್ರಿ."

ನನಗೆ ಸಿಟ್ಟು ಬಂತು. ಎಷ್ಟು ವರ್ಷ ಮಗ್ಗದ ಸದ್ದು ಕೇಳಿದವನಿಗೆ ಇವಳು ಕೇಳುವುದನ್ನು ಕಲಿಸಬೇಕೇ ಎಂದು ಒಂದಿಷ್ಟು ಹಾರಾಡಿದೆ. ಅವಳು ಚೀಲದ ಒಳಜೇಬಿನಿಂದ ನಾನು ತಂದುಕೊಟ್ಟ ಹುಪರಿಯ ಗೆಜ್ಜೆ ತೆಗೆದು, ನನ್ನ ಬಲಗಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಆಮೇಲೆ ಎಡಗಿವಿಯ ಹತ್ತಿರ. ಬೆಳ್ಳಿಯ ಗುಂಡುಗಳು ಕುಣಿಯುವುದು ಕಣ್ಣಂಚಿನಲ್ಲಿ ಕಾಣುತ್ತಿತ್ತು. ಅವಳ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಅದಕ್ಕೇ ನನಗೆ ಭಯವಾಯಿತು.

"ನಿಮ್ಮ ಕಿವಿ ಹೋಗ್ಯಾವರಿ, ಮಾಮಾ. ಸಣ್ಣ ಸದ್ದಿಗಷ್ಟ," ಎಂದಳು.

ಬಂಡೆಯ ಮೇಲೆ ಕೂತುಬಿಟ್ಟೆ. ಮಗ್ಗದ ಬಡಿತ ದಪ್ಪ ಸದ್ದು, ಅದು ಕೇಳುತ್ತದೆ. ಮಿಡತೆಯದು, ಗೆಜ್ಜೆಯದು, ಚಪ್ಪಲಿಯ ಕರಕರದ್ದು ಸಣ್ಣ ಸದ್ದು, ಅದನ್ನು ಮಗ್ಗವೇ ತಿಂದು ಹಾಕಿದೆ ಎಂದು ಅವಳು ಬಿಡಿಸಿ ಹೇಳಿದಳು. ನನಗೆ ಹುಪರಿಯ ಆ ಮನುಷ್ಯನ ಮುಖ ನೆನಪಾಯಿತು, ಭಾವನ ಮುಖ ನೆನಪಾಯಿತು. ಆ ದೇಶ, ಆ ಬೂಟು, ಆ ಉಂಡೆ, ಎಲ್ಲದರ ಮೇಲಿದ್ದ ಸಿಟ್ಟೆಲ್ಲ ಒಟ್ಟಾಗಿ ನನ್ನ ಕಡೆಗೇ ತಿರುಗಿತು. ನಾಚಿಕೆಯಾಯಿತು. ನನ್ನ ಒಂದು ಗೋಣಿನಿಂದ ಹುಡುಗಿಯ ಅರ್ಧ ಹಂಗಾಮು ಮಣ್ಣುಪಾಲಾಗಿತ್ತು, ಮೇಲಾಗಿ ಅವಳು ಪ್ರೊಫೆಸರಿಗೆ ಬರೆದು ಕೂತಿದ್ದಳು. ಆ ಸಂಜೆ ರೋಸಾ ಗೋಡೆಯ ಹವಾಮಾಪಕವನ್ನು ಬೆರಳಿನಿಂದ ತಟ್ಟಿ ನೋಡಿ, ಇನ್ನೆರಡು ದಿನ, ಆಮೇಲೆ ಹಿಮ ಎಂದಳು. ಇಬ್ಬರ ಕೆಲಸವನ್ನು ನಂದಾ ಒಬ್ಬಳೇ ಎರಡು ದಿನದಲ್ಲಿ ಮುಗಿಸುವುದು ಸಾಧ್ಯವಿರಲಿಲ್ಲ.

ಐದು ಮತ್ತು ಆರನೆಯ ದಿನ

ಬೆಳಿಗ್ಗೆ ನಂದಾಗೆ ಒಂದೇ ಪ್ರಶ್ನೆ ಕೇಳಿದೆ, ಅದು ಹಾಡುವುದು ಎಲ್ಲಿಂದ? ಹಿಂದಿನ ಕಾಲನ್ನು ರೆಕ್ಕೆಗೆ ತಿಕ್ಕುತ್ತದೆ ಎಂದಳು. ತಿಕ್ಕುವಾಗ ಕಾಲು ಮೇಲೆ ಕೆಳಗೆ ಆಡುತ್ತದಲ್ಲ ಎಂದೆ. ಆಡುತ್ತದೆ, ಆದರೆ ಹುಲ್ಲಿನೊಳಗೆ ಅಷ್ಟು ಸಣ್ಣದನ್ನು ಯಾರು ನೋಡಬೇಕು ಎಂದಳು.

ಮಗ್ಗದ ಮೇಲೆ ಸಾವಿರಾರು ಎಳೆ ಹಾಸಿರುತ್ತಾರೆ. ಅದರಲ್ಲಿ ಒಂದು ಹರಿದರೆ ಹುಡುಕುವುದು ನಮ್ಮ ದಿನದ ಕೆಲಸ. ಎಳೆಗಳನ್ನು ಒಂದೊಂದಾಗಿ ನೋಡಿದರೆ ಸಂಜೆಯಾದರೂ ಸಿಗುವುದಿಲ್ಲ. ಬೆಳಕಿಗೆ ಎದುರಾಗಿ ಬಗ್ಗಿ, ಯಾವುದನ್ನೂ ದಿಟ್ಟಿಸದೆ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಉಳಿದವುಗಳ ಹಾಗೆ ಆಡದ ಒಂದು ಎಳೆ ತಾನಾಗಿ ಕಣ್ಣಿಗೆ ಬೀಳುತ್ತದೆ. ನಾನು ಹನ್ನೆರಡನೆಯ ಗೂಟದ ಹತ್ತಿರ ಸೂರ್ಯನಿಗೆ ಮುಖ ಮಾಡಿ ಹೊಟ್ಟೆಯ ಮೇಲೆ ಮಲಗಿದೆ. ಹುಲ್ಲೆಲ್ಲ ಗಾಳಿಗೆ ಒಂದೇ ರೀತಿ ಬಾಗುತ್ತಿತ್ತು. ಅದರ ನಡುವೆ ಒಂದು ಕಡೆ ಏನೋ ಸಣ್ಣಗೆ ನಡುಗಿತು, ನಿಂತಿತು, ಮತ್ತೆ ನಡುಗಿತು.

ನಂದಾ ನನಗೆ ಬೆನ್ನು ಮಾಡಿ ನಿಂತಳು. ಹಾಡು ಕೇಳಿದಾಗ ಅವಳು ಕೈ ಎತ್ತಬೇಕು, ಕಾಲು ಆಡುವುದು ಕಂಡಾಗ ನಾನು. ಎಷ್ಟೋ ಸಲ ಎತ್ತಿದೆವು. ಕೊನೆಗೆ ಅವಳು ಕುತೂಹಲ ತಡೆಯಲಾರದೆ ತಿರುಗಿದಾಗ ಇಬ್ಬರ ಕೈಯೂ ಮೇಲೇ ಇತ್ತು. ಅವಳು ನನಗೆ ಹೊಸ ಲೆಕ್ಕದ ಪುಸ್ತಕ ಕೊಟ್ಟಳು. ಹಳೆಯದನ್ನು ಚೀಲದ ತಳಕ್ಕೆ ಹಾಕಿದಳು.

ಎರಡು ದಿನ ಹೊಟ್ಟೆಯ ಮೇಲೆ ತೆವಳಿದೆ. ದಾರಿಹೋಕರು ನಮಸ್ಕಾರ ಹೇಳಲು ಬಂದು, ನನ್ನ ಅವಸ್ಥೆ ನೋಡಿ, ಡಾಕ್ಟರನ್ನು ಕರೆಯಬೇಕೇ ಎಂದು ನಂದಾಳನ್ನು ಕೇಳಿದರಂತೆ. ಅಂಗಿಯ ಗುಂಡಿ ಹೋಯಿತು, ಮೊಣಕೈ ಕಿತ್ತಿತು, ಒಂದು ಆಕಳು ನನ್ನ ಟೋಪಿ ತಿಂದಿತು. ಆರನೆಯ ದಿನ ಕೊನೆಯ ಗೂಟ ಮುಗಿಸಿದಾಗ ಮೊದಲ ಹಿಮದ ಚೂರು ಪುಸ್ತಕದ ಮೇಲೆ ಬಿತ್ತು.

ಹಾಡುವ ಮಿಡತೆ ನನ್ನ ಸಾಲಿನಲ್ಲೂ ಬಹಳ ಮೇಲೆ ಏರಿ ಬಂದಿತ್ತು. ಬಂಡೆಗೆ ಹತ್ತಿರದ ಐದಾರು ಗೂಟಗಳ ಬಳಿ ಮಾತ್ರ ಹಾಡುವುದು ಇನ್ನೂ ಮುಟ್ಟಿರಲಿಲ್ಲ, ಅಲ್ಲಿ ಮೂಕ ಮಿಡತೆಯಷ್ಟೇ ಇತ್ತು. ಪುಸ್ತಕ ನೋಡಿ ನಂದಾ ಅತ್ತಳು. ಕೆಲಸ ಪೂರ್ತಿಯಾಯಿತು ಎಂದೂ ಅತ್ತಳು, ಉತ್ತರ ಇದಾಯಿತು ಎಂದೂ ಅತ್ತಳು. ನನಗೂ ಸಂಕಟವಾಯಿತು. ನನ್ನ ಸುಳ್ಳು ಸೊನ್ನೆಗಳೇ ಚೆನ್ನಾಗಿದ್ದವು ಎಂದೆ. ಅವಳು ಮೂಗು ಒರೆಸಿಕೊಂಡು ಪ್ರೊಫೆಸರಿಗೆ ಇನ್ನೊಂದು ಪತ್ರ ಬರೆಯಲು ಕೂತಳು. ಉಳಿದ ದಿನಗಳಲ್ಲಿ ಹಿಮದಿಂದಾಗಿ ಯಾರೂ ಹೊರಗೆ ಕಾಲಿಡಲಿಲ್ಲ, ರೊಟ್ಟಿ ತಿನ್ನುವ ನನ್ನನ್ನೂ ರೋಸಾಳನ್ನೂ ಬಿಟ್ಟು.

ಮರಳಿ ಗಡಹಿಂಗ್ಲಜ

ಬಂದ ವಾರದಲ್ಲೇ ಕಸ್ತೂರಿಯ ಜೊತೆ ಅಕ್ಕನ ಊರಿಗೆ ಹೋದೆ. ಅಕ್ಕನಿಗೆ ವರದಿ ಒಪ್ಪಿಸಿದೆ, ಕಿವಿಯದೊಂದನ್ನು ಬಿಟ್ಟು. ಮಧ್ಯಾಹ್ನದ ಬುತ್ತಿ ತೆಗೆದುಕೊಂಡು ನಾವಿಬ್ಬರೇ ಹೊಲಕ್ಕೆ ಹೋಗಿ ಅದೇ ಬದುವಿನ ಮೇಲೆ ಕೂತೆವು. ಮಳೆ ಮುಗಿದು ಹಿತವಾದ ಬಿಸಿಲಿತ್ತು. ನನಗೆ ಎಂದಿನ ಹಾಗೆ ಸುಡುಗಾಡಿನ ಮೌನ.

"ಕಸ್ತೂರಿ, ಈಗ ಮಿಡಚಿ ಒದರಾಕತ್ತಾವೇನ?"

ಅವಳು ನನ್ನ ಪಕ್ಕದಿಂದ ಎದ್ದು, ಸುತ್ತಿ ಬಂದು, ನನ್ನ ಎದುರಿಗೆ ಕೂತಳು. ಎಷ್ಟೋ ವರ್ಷಗಳಿಂದ ಅವಳು ನನ್ನ ಬೆನ್ನ ಹಿಂದಿನಿಂದ ಮಾತನಾಡಿದ್ದೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಅಡುಗೆ ಮನೆಯಿಂದಲೂ ಕೈ ಒರೆಸಿಕೊಂಡು ಮುಂದೆ ಬಂದು ನಿಂತೇ ಹೇಳುತ್ತಿದ್ದಳು. ಏನು ನಿಧಾನದ ಹೆಂಗಸು ಎಂದು ಅದಕ್ಕೂ ಸಿಡುಕಿದ್ದೆ.

"ಒದರಾಕತ್ತಾವರಿ, ಭಾಳ."

"ನಾ ಹೋಗೂ ಮೊದಲ?"

"ಆವಾಗೂ ಒದರ್ತಿದ್ವುರಿ."

ಅಂದರೆ ಭಾವನಿಗೆ ನಾನು ಹೇಳಿದ ಪಾಠವೆಲ್ಲ ಮಿಡತೆಗಳ ಗದ್ದಲದ ನಡುವೆ ಕೂತೇ ಹೇಳಿದ್ದು. "ನನ್ನ ಕಿವಿ ಹೋಗ್ಯಾವ ಅಂತ ನಿನಗ ಗೊತ್ತಿತ್ತೇನ?"

"ಗೊತ್ತಿತ್ರಿ."

"ಮತ್ತ ಒಂದ ಮಾತ ಹೇಳಬಾರದಾ?"

"ಹೇಳಿದ್ನಲ್ರಿ," ಎಂದಳು ಕಸ್ತೂರಿ. "ಎಷ್ಟ ಸಲ ಹೇಳೇನಿ. ನೀವ ಗೋಣ ಹಾಕಿದ್ರಿ."

ಅವಳು ಆ ಕಡೆ ತಿರುಗಿ ಬುತ್ತಿಯ ಡಬ್ಬಿ ಮುಚ್ಚುತ್ತ ಏನೋ ಅಂದಳು. ನನ್ನ ಗೋಣು ತಾನಾಗಿಯೇ ಬಾಗತೊಡಗಿತು. ಅದನ್ನು ಅಲ್ಲೇ ತಡೆದೆ.

"ಏನಂದಿ? ಇನ್ನೊಮ್ಮೆ ಹೇಳ."

ಕಸ್ತೂರಿಯ ಕೈ ಡಬ್ಬಿಯ ಮೇಲೆ ನಿಂತಿತು. ನನ್ನ ಕಡೆ ತಿರುಗಿ, ಮುಖ ನೋಡಿದಳು.

"ಬಿಸಲ ಇಳದೈತಿ, ಮನಿಗಿ ಹೋಗೂಣು ಅಂದ್ನಿರಿ," ಎಂದಳು.